ಬ್ರೇಕ್‌ಗೆ ಮುಂಚೆ ನಾಲ್ಕು ಬೆರಳು

ಮನಿಲಾದಲ್ಲಿ ಸಮುದ್ರ ಇದೆಯಂತೆ. ನಾನು ನೋಡಲಿಲ್ಲ. ಐದು ದಿನ ಅಲ್ಲಿದ್ದು ಸಮುದ್ರ ನೋಡದೆ ಬಂದೆ ಎಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. "ಮತ್ತೆ ಅಷ್ಟ್ ದೂರ ಹೋಗಿ ಏನ್ ನೋಡ್ಕಂಡ್ ಬಂದೆ ಕಣಮ್ಮ?" ಎಂದು ಕೇಳುತ್ತಾರೆ. ಒಂಬತ್ತಡಿ ಉದ್ದದ ಮೇಜು ನೋಡಿಕೊಂಡು ಬಂದೆ. ಅದರ ಮೇಲೆ ಒಂಬತ್ತು ಬಣ್ಣದ ಚೆಂಡು, ಒಂದು ಬಿಳಿ ಚೆಂಡು. ಉಳಿದದ್ದೆಲ್ಲ ಕಿಟಕಿಯಲ್ಲಿ ಕಂಡಷ್ಟೇ.

ಹಿಂದೂಪುರ, ಹೊರಡುವ ಮುನ್ನ

ನನ್ನ ಹೆಸರು ಭಾಗ್ಯ. ವಯಸ್ಸು ನಲವತ್ಮೂರು, ಕೋಪ ಮೂಗಿನ ತುದಿಯಲ್ಲಿ. ಹುಟ್ಟಿದ್ದು ಕಲ್ಯಾಣದುರ್ಗ, ಕೊಟ್ಟಿದ್ದು ಹಿಂದೂಪುರಕ್ಕೆ. ಅಲ್ಲೂ ಮಗ್ಗ, ಇಲ್ಲೂ ಮಗ್ಗ. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಓಡುತ್ತವೆ. ಕಡಿದ ಎಳೆ ಹುಡುಕಿ ಗಂಟು ಹಾಕುವ ಕೆಲಸ ನನ್ನದು. ಪೂಲ್ ಆಟ ಕಲಿಸಿದವನು ತಿಪ್ಪೇಸ್ವಾಮಿ ಚಿಕ್ಕಪ್ಪ. ಕಲ್ಯಾಣದುರ್ಗದ ಬಸ್ ನಿಲ್ದಾಣದ ಹಿಂದೆ ಅವನದೊಂದು ಹಾಲ್ ಇದೆ, ಒಳಗೆ ಒಂದೇ ಟೇಬಲ್ಲು, ಅದಕ್ಕೆ ಹೊದಿಸಿದ ಹಸಿರು ಬಟ್ಟೆ ನನ್ನ ಮದುವೆಗಿಂತ ಹಳೆಯದು. ಭಾನುವಾರ ಬೆಳಿಗ್ಗೆ ಅಲ್ಲಿಗೆ ಗಂಡಸರಿಗೆ ಪ್ರವೇಶವಿಲ್ಲ, ಅದು ಚಿಕ್ಕಪ್ಪ ನಮಗಾಗಿ ಮಾಡಿದ ಕಾನೂನು.

ನಮಗೆ ಎಂದರೆ ಆರು ಜನ ಹೆಂಗಸರಿಗೆ. ಎಲ್ಲರೂ ಹಿಂದೂಪುರದವರು. ಪ್ರತಿ ಭಾನುವಾರ ಮೊದಲ ಬಸ್ಸು ಹತ್ತಿ, ರೊದ್ದಂ ಮೇಲೆ ಕುಲುಕಿಕೊಂಡು ಹೋಗಿ, ಮೂರು ಗಂಟೆ ಆಡಿ, ಮತ್ತೆ ಕುಲುಕಿಕೊಂಡು ವಾಪಸ್ಸು. ಬಸ್ಸಲ್ಲಿ ಕೂತ ಹೊತ್ತೇ ಆಡಿದ ಹೊತ್ತಿಗಿಂತ ಜಾಸ್ತಿ. ಇತ್ತ ನಮ್ಮ ಮನೆಯಿಂದ ಐದು ನಿಮಿಷದ ದಾರಿಯಲ್ಲಿ ಹಿಂದೂಪುರದ ಕ್ಲಬ್ಬಿದೆ. ಅಲ್ಲಿ ಹೊಚ್ಚಹೊಸ ಟೇಬಲ್ಲಿದೆ. ಮಧ್ಯಾಹ್ನವೆಲ್ಲ ಖಾಲಿ ಬಿದ್ದಿರುತ್ತದೆ. ಆದರೆ ಹೆಂಗಸರಿಗೆ ಇಲ್ಲ.

ಇದನ್ನು ಕೇಳಲು ಸರೋಜ ನನ್ನನ್ನು ಎಳೆದುಕೊಂಡು ಹೋದಳು. ಸರೋಜ ಟೈಲರು, ಕತ್ತರಿಗಿಂತ ಬಾಯಿ ಜೋರು. ಕ್ಲಬ್ಬಿನ ಕಾರ್ಯದರ್ಶಿ ನಮ್ಮನ್ನು ನಿಲ್ಲಿಸಿಕೊಂಡೇ ತೆಲುಗಿನಲ್ಲಿ, "ಒಕ್ಕ ಮ್ಯಾಚ್, ಬಯಟಿ ದೇಶಂಲೋ ಗೆಲಿಚಿ ರಂಡಮ್ಮಾ. ಮಧ್ಯಾಹ್ನಾಲು ಮೀಕೇ" ಎಂದರು. ಹೊರದೇಶದಲ್ಲಿ ಒಂದೇ ಒಂದು ಮ್ಯಾಚು ಗೆದ್ದು ಬನ್ನಿ, ಮಧ್ಯಾಹ್ನಗಳು ನಿಮ್ಮವೇ. ಸುತ್ತ ಕೂತವರೆಲ್ಲ ನಕ್ಕರು. ಸರೋಜ ನಗಲಿಲ್ಲ. "ಅದನ್ನೇ ಬುಕ್ಕಲ್ಲಿ ಬರೀರಿ ಸಾರ್" ಎಂದು ನಡಾವಳಿ ಪುಸ್ತಕ ಮುಂದಕ್ಕೆ ತಳ್ಳಿದಳು. ನಕ್ಕವರ ಮುಂದೆ ಹಿಂಜರಿದರೆ ಮರ್ಯಾದೆ ಹೋಗುತ್ತದೆಂದು ಅವರು ಬರೆದು ಸಹಿ ಹಾಕಿದರು.

ಮನಿಲಾದಲ್ಲಿ ಹೆಂಗಸರ ಪೂಲ್ ಪಂದ್ಯಾವಳಿಯೊಂದಿತ್ತು, ಅದಕ್ಕೆ ಯಾರು ಬೇಕಾದರೂ ಹೆಸರು ಕೊಡಬಹುದಿತ್ತು. ಕೊಟ್ಟೆ. ವಿಮಾನ ಹಿಡಿಯಲು ಹತ್ತಿದ ಬಸ್ಸು ಚಿಲಮತ್ತೂರು ದಾಟುವಾಗ ಕಂಡಕ್ಟರು ನನ್ನ ಪೂಲ್ ಕೋಲಿನ ಉದ್ದನೆ ಚೀಲ ನೋಡಿ, "ಏನಮ್ಮಾ, ಮೀನ್ ಹಿಡಿಯಾಕೆ ಹೋಯ್ತಿದ್ದೀಯಾ?" ಎಂದ. ಹಿಂದೂಪುರದಲ್ಲಿ ಬಸ್ಸು ಬಿಡುವಾಗ ಸರೋಜ ಹೇಳಿದ್ದೇ ತಲೆಯಲ್ಲಿತ್ತು: "ಎರಡು ಬ್ಯಾಡ ಕಣಕ್ಕ. ಒಂದೇ ಒಂದು ಗೆದ್ಬುಟ್ಟು ಬಾ, ಸಾಕು."

ಮನಿಲಾ, ಮೊದಲ ದಿನ

ವಿಮಾನ ನಿಲ್ದಾಣದಲ್ಲಿ ನನ್ನ ಕಡ್ಲೆಕಾಯಿ ಚಟ್ನಿಪುಡಿಯ ಡಬ್ಬಿ ತೆಗೆಸಿದರು. ಅಧಿಕಾರಿ ಮೂಸಿದ, ಸೀನಿದ, ಇನ್ನೊಬ್ಬನನ್ನು ಕರೆದ; ಅವನೂ ಸೀನಿದ. ಚಿಟಿಕೆ ತೆಗೆದು ನಾನೇ ಬಾಯಿಗೆ ಹಾಕಿಕೊಂಡು ತೋರಿಸಿದ ಮೇಲೆ ಬಿಟ್ಟರು.

ನಾನು ಇಳಿದುಕೊಂಡದ್ದು ನೆನಾ ಎಂಬ ವಿಧವೆಯ ಮನೆಯ ಮಹಡಿ ಕೋಣೆಯಲ್ಲಿ. ಅಲ್ಲಿಯವರು ದಾರಿ ತೋರಿಸಲು ಬೆರಳು ಬಳಸುವುದಿಲ್ಲ, ತುಟಿ ಮುಂದೆ ಚಾಚುತ್ತಾರೆ. ಬಚ್ಚಲು ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದರೆ ಆಕೆ ನನಗೆ ಮುತ್ತು ಕೊಡುವವಳಂತೆ ತುಟಿ ಮಾಡಿದಳು. ನಾನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಇನ್ನೊಂದು, ಹೌದು ಎನ್ನಲು ಹುಬ್ಬು ಮೇಲಕ್ಕೆತ್ತುತ್ತಾರೆ, ಮಾತೇ ಇಲ್ಲ. ನಾವು ಹೌದಕ್ಕೂ ಇಲ್ಲಕ್ಕೂ ತಲೆ ಅಲ್ಲಾಡಿಸುತ್ತೇವಲ್ಲ, ಅದಕ್ಕೆ ಆಕೆಯೂ ಹೀಗೇ ಗಾಬರಿಯಾಗಿರಬೇಕು. ಆದರೆ ಬೆಳಿಗ್ಗೆ ಎದುರಾದ ಕೂಡಲೇ ಊಟ ಆಯ್ತಾ ಎಂದು ಕೇಳುವುದು ಅಲ್ಲೂ ಇದೆ. ಮೂರು ಹೊತ್ತೂ ಅನ್ನ. ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ನಾನು ಅನ್ನಕ್ಕೆ ಚಟ್ನಿಪುಡಿ ಕಲಸಿದೆ. ನೆನಾ ಒಂದು ತುತ್ತು ಕೇಳಿ ತಿಂದು, ಕಣ್ಣಲ್ಲಿ ನೀರು ಸುರಿಸುತ್ತಾ ಹುಬ್ಬು ಎತ್ತಿದಳು.

ಆ ಬೀದಿಯ ಕೊನೆಯಲ್ಲಿ, ತಗಡಿನ ಮಾಡಿನ ಕೆಳಗೆ, ಒಂದು ಪೂಲ್ ಟೇಬಲ್ಲಿತ್ತು. ತರಕಾರಿ ಬುಟ್ಟಿ ಪಕ್ಕಕ್ಕಿಟ್ಟು ಹೆಂಗಸರೇ ಆಡುತ್ತಿದ್ದರು. ಯಾರೂ ಅವರನ್ನು ನೋಡುತ್ತಲೂ ಇರಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು.

ಎರಡನೆಯ ದಿನ, ಪಂದ್ಯದ ಹಾಲ್

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಒಂಬತ್ತು ಚೆಂಡನ್ನು ಶಂಕರಪೋಳಿ ಆಕಾರದಲ್ಲಿ ಒತ್ತಾಗಿ ಜೋಡಿಸುತ್ತಾರೆ. ತುದಿಯಲ್ಲಿ ಒಂದನೆಯ ನಂಬರು, ನಡುವೆ ಒಂಬತ್ತು. ಬಿಳಿ ಚೆಂಡಿನಿಂದ ಹೊಡೆದು ಅದನ್ನು ಒಡೆಯುವುದೇ ಬ್ರೇಕ್. ಒಡೆದಾಗ ಒಂದಾದರೂ ಚೆಂಡು ಮೇಜಿನಂಚಿನ ತೂತಿಗೆ, ಅಂದರೆ ಜೇಬಿಗೆ, ಬಿದ್ದರೆ ಮುಂದಿನ ಹೊಡೆತವೂ ನಿಮ್ಮದೇ. ಮುಂದೆ ಚಿಕ್ಕ ನಂಬರಿನಿಂದ ಹೊಡೆಯುತ್ತಾ ಹೋಗಿ ಒಂಬತ್ತನ್ನು ಹಾಕಿದವರಿಗೆ ಆ ಗೇಮು. ಒಡೆದಾಗ ಒಂದೂ ಬೀಳದಿದ್ದರೆ ಹರಡಿದ ಮೇಜನ್ನು ಎದುರಾಳಿಗೆ ತಟ್ಟೆಯಲ್ಲಿಟ್ಟು ಕೊಟ್ಟಂತೆ. ಏಳು ಗೇಮು ಮೊದಲು ಗೆದ್ದವರಿಗೆ ಮ್ಯಾಚು. ಎರಡು ಮ್ಯಾಚು ಸೋತರೆ ಮನೆಗೆ.

ಜೋರಾಗಿ ಹೊಡೆದರೆ ಬೀಳುತ್ತದೆ ಎಂದು ಗಂಡಸರು ತಿಳಿದುಕೊಂಡಿದ್ದಾರೆ. ಚಿಕ್ಕಪ್ಪ ನನಗೆ ಕಲಿಸಿದ್ದು ಬೇರೆ. ಎಡಗಡೆಯ ಅಂಚಿಗೆ ಬಿಳಿ ಚೆಂಡಿಟ್ಟು, ಮುಕ್ಕಾಲು ಬಲದಲ್ಲಿ, ಒಂದನೆಯ ಚೆಂಡನ್ನು ತುಸು ಓರೆಯಾಗಿ ಸವರಬೇಕು. ಚೆಂಡುಗಳ ನಡುವೆ ಸಂದಿಲ್ಲದಿದ್ದರೆ ಜೋಡಣೆಯ ಬದಿಯ ತುದಿಯಲ್ಲಿರುವ ರೆಕ್ಕೆಯ ಚೆಂಡು ನೆಟ್ಟಗೆ ಮೂಲೆಯ ಜೇಬಿಗೆ ಹೋಗುತ್ತದೆ. ಕೂದಲೆಳೆ ಸಂದಿದ್ದರೂ ಜೇಬಿನ ತುಟಿಗೆ ಬಡಿದು ವಾಪಸ್ಸು. ಮಗ್ಗದಲ್ಲಿ ಒಂದು ಎಳೆ ಸಡಿಲವಾದರೆ ಸೀರೆಯ ಅಂಚೇ ಕೆಡುವ ಹಾಗೆ.

ಬ್ರೇಕ್‌ಗೆ ಮುಂಚೆ ಇನ್ನೊಂದು ಪದ್ಧತಿ. ಮಗ್ಗಕ್ಕೆ ಕೂರುವ ಮೊದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಮನೆಗಳಲ್ಲಿ ಹಲ್ಲುಜ್ಜಿದಷ್ಟೇ ಸಹಜ. ಟೇಬಲ್ಲಿಗೂ ಹಾಗೇ ಮಾಡಬೇಕೆಂದು ಚಿಕ್ಕಪ್ಪ ಮೊದಲ ದಿನವೇ ಹೇಳಿದ್ದ. ಒಂದನೆಯ ಚೆಂಡಿನ ಮುಂದೆ ನಾಲ್ಕು ಬೆರಳು ಬಟ್ಟೆಗೆ ಒತ್ತಿ, ತುಸು ಚೆಂಡಿನ ಕಡೆಗೆ ಸವರಿ, ಕಣ್ಣಿಗೆ. ಹದಿನೈದು ವರ್ಷದಿಂದ ನಾನು ಹಾಗೇ ಮಾಡಿದ್ದೇನೆ. ಉಳಿದ ಐವರಿಗೂ ನಾನೇ ಕಲಿಸಿದ್ದೇನೆ.

ಮೊದಲ ಮ್ಯಾಚಿನ ಎದುರಾಳಿ ತೈವಾನಿನ ಹುಡುಗಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಮೂರು ಗೇಮಿನಲ್ಲಿ ಎರಡು ನನಗೆ ಬಂದವು. ನಾಲ್ಕನೆಯದಕ್ಕೆ ನಾನು ಬೆರಳು ಕಣ್ಣಿಗೊತ್ತಿಕೊಳ್ಳುವಾಗ ಅವಳು ಕುರ್ಚಿಯಿಂದ ಎದ್ದು ಕೈ ಎತ್ತಿದಳು. ರೆಫರಿ ಬಂದ. ಬಿಳಿ ಕೈಗವಸು ಹಾಕಿದ, ಬಿಳಿ ಮೀಸೆಯ, ಸಮಾಧಾನದ ಮುದುಕ. ಚೆಂಡುಗಳನ್ನು ಜೋಡಿಸುವುದು ಅವನ ಕೆಲಸ. ಜೋಡಿಸಿದ ಮೇಲೆ ಆಟಗಾರರು ಕಣ್ಣಲ್ಲಿ ನೋಡಬಹುದು, ಕೈ ಇಡುವಂತಿಲ್ಲ. ಅವಳ ದೂರು ಏನೆಂದರೆ, ನಾನು ಬಟ್ಟೆ ಒತ್ತಿ ಸಂದು ಮುಚ್ಚುತ್ತಿದ್ದೇನೆ. ಅಂದರೆ ನಾನು ಮೋಸಗಾತಿ.

ನನಗೆ ಮೈಯೆಲ್ಲ ಉರಿಯಿತು. ಬರುವಷ್ಟು ಇಂಗ್ಲಿಷಿನಲ್ಲಿ, ಬಾರದ ಕಡೆ ಕನ್ನಡ ತೆಲುಗು ಎರಡರಲ್ಲೂ, ಇದು ದೇವರು, ಇದು ನಮಸ್ಕಾರ ಎಂದು ಕೂಗಿದೆ. ಪಕ್ಕದ ಟೇಬಲ್ಲಿನವರು ಆಟ ನಿಲ್ಲಿಸಿ ನೋಡಿದರು. ರೆಫರಿ ಎಚ್ಚರಿಕೆ ಕೊಟ್ಟ: ಈ ಪಂದ್ಯಾವಳಿಯಲ್ಲಿ ಇನ್ನೊಮ್ಮೆ ಮುಟ್ಟಿದರೆ ಆ ಗೇಮು ಎದುರಾಳಿಗೆ. ಆಮೇಲೆ ನನಗೆ ಕೈ ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ಸೆರಗಲ್ಲಿ ಕಟ್ಟಿಕೊಳ್ಳೋಣವೆಂದರೆ ಹಾಕಿದ್ದು ಪ್ಯಾಂಟು. ಏಳಕ್ಕೆ ಮೂರರಲ್ಲಿ ಸೋತೆ.

ಸೋತು ಕೂತವಳನ್ನು ರೆಫರಿ ಖಾಲಿ ಟೇಬಲ್ಲಿಗೆ ಕರೆದ. ಚೆಂಡು ಜೋಡಿಸಿ, ಒಂದು ಕಾಗದದ ಚೂರನ್ನು ಒಂದನೆಯ ಚೆಂಡಿನ ಹಿಂದಿನ ಸಂದಿಗೆ ತೂರಿಸಿದ. ಸಲೀಸಾಗಿ ಹೋಯಿತು. ಕಾಗದ ತೆಗೆದು, ಈಗ ನಿನ್ನ ನಮಸ್ಕಾರ ಮಾಡು ಎಂದು ಸನ್ನೆ ಮಾಡಿದ. ಒತ್ತಿದೆ, ಸವರಿದೆ. ಕಾಗದವನ್ನು ಮತ್ತೆ ತೂರಿಸಲು ನೋಡಿದ. ಹೋಗಲಿಲ್ಲ.

ಬಟ್ಟೆಯ ಜೊತೆ ಚೆಂಡೂ ಹಿಂದಕ್ಕೆ ಸರಿದು ಅಂಟಿಕೊಂಡಿತ್ತು. ಬಟ್ಟೆಯ ಮನೆಯಲ್ಲಿ ಹುಟ್ಟಿದ ನನಗೆ, ಬಟ್ಟೆ ಕೈಗೆ ಸರಿಯುತ್ತದೆಂದು ಹದಿನೈದು ವರ್ಷ ಹೊಳೆದಿರಲಿಲ್ಲ. ಆ ಮುದುಕನ ಮುಖದಲ್ಲಿ ಅಪಹಾಸ್ಯ ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು.

ಹೊರಗೆ ಬಂದು ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ. ನಡೆದದ್ದು ಹೇಳಿ, "ನಿಂಗೆ ಗೊತ್ತಿತ್ತಾ?" ಎಂದೆ.

"ಏನು?"

"ಒತ್ತಿದ್ರೆ ಸಂದು ಮುಚ್ಚತೈತೆ ಅಂತ."

"ನಮ್ ಟೇಬಲ್ಲು ಹಳೇದು ಕಣಮ್ಮ. ಚೆಂಡಿಡೋ ಜಾಗ ಗುಂಡಿ ಬಿದ್ಬುಟ್ಟೈತೆ. ಒತ್ತದೇ ಇದ್ರೆ ಕೂಡಾದೇ ಇಲ್ಲ. ಒತ್ತು ಅಂದಿದ್ರೆ ನೀನು ಮರೆಯೋಳು. ಕಣ್ಣಿಗೊತ್ಕೋ ಅಂದೆ, ಮರೀಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೊರದೇಶಕ್ಕೆ ಹೋಯ್ತೀಯ ಅಂತ ನಂಗೇನ್ ಗೊತ್ತು? ಪೋನೀಲೇ. ನಿನ್ ಕೈಯಾಗೆ ಬ್ರೇಕ್ ಐತೆ ಕಣಮ್ಮ, ಬೆರಳಾಗಲ್ಲ."

ಹೋಗಲಿ ಬಿಡು ಎಂದುಬಿಟ್ಟ! ಫೋನ್ ಕತ್ತರಿಸಿ ರಸ್ತೆ ಬದಿಯಲ್ಲಿ ಅತ್ತೆ. ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, ಊಟ ಆಯ್ತಾ ಎಂದು ಕೇಳಿದಳು.

ಮೂರನೆಯ ದಿನ, ನೆನಾಳ ಬೀದಿ

ಬಿಡುವಿನ ದಿನ. ತಗಡಿನ ಮಾಡಿನ ಟೇಬಲ್ಲಿನಲ್ಲಿ ಬೆಳಿಗ್ಗೆಯಿಂದ ಬರೀ ಬ್ರೇಕ್ ಹೊಡೆದೆ. ನೆನಾ ಚೆಂಡು ಜೋಡಿಸಿ ಕೊಡುತ್ತಿದ್ದಳು. ಎಡಗೈಯನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಚೆಂಡಿನ ಹತ್ತಿರ ಹೋಗುವುದನ್ನು ರೂಢಿ ಮಾಡಿದೆ. ಬಗ್ಗಿ ಸಂದು ನೋಡುವುದು, ಸಂದು ಎಡಕ್ಕಿದ್ದರೆ ಬಿಳಿ ಚೆಂಡನ್ನು ನಡುವಿಗೆ ತರುವುದು, ಓರೆ ಕಡಿಮೆ ಮಾಡಿ ಬಲ ಜಾಸ್ತಿ ಮಾಡುವುದು. ಕೆಲವು ಬಿದ್ದವು, ಹೆಚ್ಚಿನವು ಬೀಳಲಿಲ್ಲ. ಬಿದ್ದರೆ, ಇದು ನನ್ನದಾ, ಅದೃಷ್ಟವಾ ಎಂಬ ಯೋಚನೆ. ಬೀಳದಿದ್ದರೆ, ಹಾಗಾದರೆ ಇಷ್ಟು ವರ್ಷ ಬೀಳಿಸಿದ್ದು ಬೆರಳೇ ಎಂಬ ಸಂಕಟ. ಊಟ ಸೇರಲಿಲ್ಲ.

ಸಂಜೆ ಸರೋಜಳ ಮೆಸೇಜು ಬಂತು. ಐದು ಜನ ಕ್ಲಬ್ಬಿನ ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಒಬ್ಬಳ ಕೈಯಲ್ಲಿ ಬೀಗದ ಕೈ, ಸುಮ್ಮನೆ ತಮಾಷೆಗೆ, ಅವಳ ಮನೆಯದೇ.

ನಾಲ್ಕನೆಯ ದಿನ, ಮತ್ತೆ ಹಾಲ್

ಎರಡನೆಯ ಮ್ಯಾಚಿನ ಎದುರಾಳಿ ಮನಿಲಾದವಳೇ, ನನ್ನ ವಯಸ್ಸಿನವಳು, ರೋಸಾ ಅಂತ. ಚೂಯಿಂಗ್ ಗಮ್ ಅಗಿಯುತ್ತಾ, ನನ್ನ ಒಳ್ಳೆಯ ಹೊಡೆತಕ್ಕೂ ಕೋಲಿನಿಂದ ನೆಲ ತಟ್ಟಿ ಮೆಚ್ಚಿಕೊಳ್ಳುವವಳು. ರೆಫರಿ ಅದೇ ಮುದುಕ. ಬ್ರೇಕ್ ಒಂದು ಗೇಮು ನನ್ನದು, ಒಂದು ಅವಳದು. ನನ್ನ ಸರದಿ ಬಂದಾಗಲೆಲ್ಲ ಎಡಗೈ ಬೆನ್ನ ಹಿಂದೆ. ಮೊದಲೆರಡು ಬ್ರೇಕ್‌ನಲ್ಲಿ ಏನೂ ಬೀಳಲಿಲ್ಲ. ಮೊದಲ ಮೂರು ಗೇಮೂ ಅವಳಿಗೇ. ಆಮೇಲೆ ಸಂದು ಓದುವುದು ಸ್ವಲ್ಪ ಕೈಗೆ ಹತ್ತಿತು. ಒಂದು ಗೇಮಿನಲ್ಲಿ ಬಿಳಿ ಚೆಂಡನ್ನು ಒಂದಂಗೈ ಬಲಕ್ಕೆ ಸರಿಸಿಟ್ಟು ಹೊಡೆದೆ, ಎರಡು ಬಿದ್ದವು. ರೋಸಾ ನೆಲ ತಟ್ಟಿದಳು. ಹಿಡಿದು ಹಿಡಿದು ಆರಕ್ಕೆ ಆರಾಯಿತು.

ಉಳಿದದ್ದು ಒಂದೇ ಗೇಮು. ಬ್ರೇಕ್ ನನ್ನದು.

ರೆಫರಿ ಚೆಂಡು ಜೋಡಿಸಿ, ಜೋಡಣೆಯ ಚೌಕಟ್ಟನ್ನು ಟೇಬಲ್ಲಿನ ಕೆಳಗಿನ ಕೊಕ್ಕೆಗೆ ಸಿಕ್ಕಿಸಲು ಬಗ್ಗಿದ. ರೋಸಾ ಬೆನ್ನು ತಿರುಗಿಸಿ ನೀರು ಕುಡಿಯುತ್ತಿದ್ದಳು. ನಾನು ಸಂದು ನೋಡಲು ಹೋದೆ. ಒಂದನೆಯ ಚೆಂಡಿನ ಹಿಂದೆ ಸಂದಿತ್ತು, ಚೆನ್ನಾಗಿ ಕಾಣುವಷ್ಟು. ದೇವರೇ, ಈ ಒಂದು, ಇನ್ನೇನೂ ಕೇಳುವುದಿಲ್ಲ ಎಂದುಕೊಂಡೆ. ಹಾಗೆಂದುಕೊಂಡ ಮೇಲೆ ಬೆರಳು ಕಣ್ಣಿಗೆ ತಗುಲಿದಾಗಲೇ ನನಗೆ ತಿಳಿದದ್ದು.

ಮುಟ್ಟಿಬಿಟ್ಟಿದ್ದೆ. ಸಂದಿರಲಿಲ್ಲ.

ರೆಫರಿ ಎದ್ದು ನಿಂತ. ಅವನ ಮುಖದಲ್ಲಿ ಏನೂ ಇಲ್ಲ. ರೋಸಾ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಕೂತಿದ್ದ ಹತ್ತಿಪ್ಪತ್ತು ಜನರ ಕಣ್ಣು ಪಕ್ಕದ ಟೇಬಲ್ಲಿನ ಮೇಲೆ. ಯಾರೂ ನೋಡಿರಲಿಲ್ಲ.

ನಾನು ಎಡಗಡೆಯ ಅಂಚಿಗೆ ಹೋಗಿ ಬಿಳಿ ಚೆಂಡಿಟ್ಟೆ. ಬಗ್ಗಿದೆ. ಕೋಲನ್ನು ಹಿಂದೆ ಮುಂದೆ ಆಡಿಸಿದೆ. ಈ ಜೋಡಣೆಗೆ ರೆಕ್ಕೆಯ ಚೆಂಡು ಬಿದ್ದೇ ಬೀಳುತ್ತದೆ, ಸಾವಿರ ಸಲ ಬೀಳಿಸಿದ್ದೇನೆ. ಕೋಲು ಆಡಿಸುತ್ತಲೇ ಇದ್ದೆ. ಮನಸ್ಸಿನಲ್ಲಿ ಕ್ಲಬ್ಬಿನ ಗೇಟಿತ್ತು. ಎದ್ದು ನಿಂತು ಮತ್ತೆ ಬಗ್ಗಿದೆ. ರೆಫರಿ ಗಡಿಯಾರ ನೋಡಿದ.

ನಾನೇನೋ ಸತ್ಯವಂತೆ ಎಂದು ಬೀಗಲು ಇದನ್ನು ಬರೆಯುತ್ತಿಲ್ಲ. ಆ ಹೊತ್ತಿನಲ್ಲಿ ನನಗೆ ಬಂದದ್ದು ಕೋಪ. ಚಿಕ್ಕಪ್ಪನ ಮೇಲೆ, ಬೆರಳಿನ ಮೇಲೆ. ಈಗ ಗೆದ್ದರೆ ಈ ಬ್ರೇಕ್ ನನ್ನದಾ ಬೆರಳಿನದಾ ಎಂದು ಸಾಯುವತನಕ ಗೊತ್ತಾಗುವುದಿಲ್ಲ. ಅದೊಂದು ನನಗೆ ಗೊತ್ತಾಗಬೇಕಿತ್ತು. ಇನ್ನೊಂದನ್ನೂ ಮುಚ್ಚಿಡುವುದಿಲ್ಲ: ತಾನಾಗಿ ಹೇಳಿಕೊಂಡವಳನ್ನು ಮುದುಕ ಮೆಚ್ಚಿ, ಮತ್ತೆ ಜೋಡಿಸಿ ಕೊಟ್ಟಾನು ಎಂಬ ಆಸೆಯೂ ಇತ್ತು.

ಕೋಲನ್ನು ಟೇಬಲ್ಲಿಗೆ ಒರಗಿಸಿದೆ. "ನಾನು ಮುಟ್ಟಿದೆ. ಮತ್ತೆ ಜೋಡಿಸಿ" ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ.

ಮುದುಕ ನನ್ನನ್ನೇ ನೋಡಿದ. ಮುಟ್ಟಿದೆಯಾ ಎಂದು ಕೇಳಿದ. ಹುಬ್ಬು ಎತ್ತಿದೆ, ಅವರ ಹಾಗೆ. ಅವನು ಬಿಳಿ ಕೈಗವಸು ಬಿಚ್ಚಿ ಜೇಬಿಗೆ ಹಾಕಿಕೊಂಡ. ಮತ್ತೆ ಜೋಡಿಸುವವನು ಕೈಗವಸು ಬಿಚ್ಚುವುದಿಲ್ಲ. ಗೇಮು ರೋಸಾಗೆ, ಮ್ಯಾಚು ರೋಸಾಗೆ ಎಂದ. ರೋಸಾ ಬೇಡ ಬೇಡ ಎಂಬಂತೆ ಕೈ ಆಡಿಸಿದಳು. ಕಾನೂನು ಕಾನೂನೇ. ಚೆಂಡುಗಳು ಒಡೆಯದೆ ಹಾಗೇ ಕೂತಿದ್ದವು.

ರಸ್ತೆಗೆ ಬಂದು ಸರೋಜಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಯಾರೂ ನೋಡ್ಲಿಲ್ಲ ಅಂತೀಯ."

"ಇಲ್ಲ."

"ಬೇಕಂತ ಮುಟ್ಟಿದ್ದೂ ಅಲ್ಲ ಅಂತೀಯ."

"ಅಲ್ಲ ಕಣೇ."

"ಹಂಗಿದ್ಮೇಲೆ ನಮ್ಮನ್ನ ಒಂದ್ ಮಾತು ಕೇಳಿದ್ಯಾ? ಮಧ್ಯಾಹ್ನ ನಿನ್ನೊಬ್ಬಳ್ದಾ ಅಕ್ಕ? ಆರು ಜನದ್ದು ಕಣಕ್ಕ ಅದು. ನಿಂಗೆ ನಿನ್ ಬ್ರೇಕ್ ಗೊತ್ತಾಗ್ಬೇಕಿತ್ತು, ಅದಕ್ಕೆ ನಮ್ದು ಕೊಟ್ಬುಟ್ಟೆ."

ಅವಳೇ ಫೋನ್ ಇಟ್ಟಳು.

ಕಲ್ಯಾಣದುರ್ಗ, ಭಾನುವಾರ

ಹಿಂದೂಪುರಕ್ಕೆ ಬಂದಿಳಿದ ಮೇಲೆ ಕ್ಲಬ್ಬಿನ ಕಾರ್ಯದರ್ಶಿ ನನ್ನ ಮಾತು ಕೇಳಿ, ಪಾಪ ಎಂದು ಕಾಫಿ ತರಿಸಿದರು, ಪುಸ್ತಕ ತೆಗೆಯಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸಿಗೆ ಯಾರಾದರೂ ಬರುತ್ತಾರೋ ಇಲ್ಲವೋ ಎಂದು ಬೇಗನೇ ಹೋಗಿ ಕಾದೆ. ಮೂವರು ಬಂದರು. ಬಸ್ಸು ಬಿಡುವಾಗ ಸರೋಜ ಓಡಿ ಬಂದು ಹತ್ತಿದಳು. ನನ್ನ ಪಕ್ಕ ಜಾಗವಿತ್ತು. ಹಿಂದೆ ಹೋಗಿ ಕೂತಳು.

ಚಿಕ್ಕಪ್ಪ ಹಾಲ್ ತೆರೆದು, ನನ್ನ ಮುಖ ನೋಡದೆ ಟೀ ತರಲು ಹೋದ. ನಾನು ಹೆಂಗಸರಿಗೆ ಆ ಕಾಗದದ ಚೂರಿನ ಕಥೆ ಹೇಳಿದೆ. ತಪ್ಪು ಕಲಿಸಿದೆ, ಇವತ್ತಿನಿಂದ ಯಾರೂ ಬಟ್ಟೆ ಮುಟ್ಟಬೇಡಿ, ಸಂದು ಓದೋದು ಕಲಿಸ್ತೀನಿ ಎಂದೆ. ಒಬ್ಬಳು ತಲೆ ಅಲ್ಲಾಡಿಸಿದಳು. ಸರೋಜ ಕೋಲಿಗೆ ಚಾಕ್ ಉಜ್ಜುತ್ತಿದ್ದಳು. ಮೊದಲ ಬ್ರೇಕ್ ಅವಳದು.

ನಾನು ಚೆಂಡು ಜೋಡಿಸಿದೆ. ಕೂಡಲಿಲ್ಲ. ಗುಂಡಿ ಬಿದ್ದ ಜಾಗದಲ್ಲಿ ಒಂದನೆಯ ಚೆಂಡು ಪ್ರತಿ ಸಲ ಮುಂದಕ್ಕೆ ಉರುಳಿ ನಿಂತಿತು. ಮೂರು ಸಲ ಜೋಡಿಸಿದೆ. ಸಂದಿನಲ್ಲಿ ಬೆರಳೇ ತೂರುವಂತಿತ್ತು, ಅದರಲ್ಲಿ ಓದುವುದಕ್ಕೆ ಏನೂ ಇರಲಿಲ್ಲ.

ಸರೋಜ ಬಂದು ನನ್ನ ಪಕ್ಕ ನಿಂತಳು. ನನ್ನ ಮುಖವನ್ನೇ ನೋಡುತ್ತಾ ನಾಲ್ಕು ಬೆರಳು ಬಟ್ಟೆಗೆ ಒತ್ತಿ, ಚೆಂಡಿನ ಕಡೆಗೆ ಸವರಿ, ಕಣ್ಣಿಗೊತ್ತಿಕೊಂಡಳು.

"ಹೊಸ ಟೇಬಲ್ ಕೊಡ್ಸು ಅಕ್ಕ," ಎಂದಳು. "ಅವತ್ತು ಬಿಡ್ತೀನಿ."

ನಾನು ಪಕ್ಕಕ್ಕೆ ಸರಿದೆ. ಅವಳು ಒಡೆದಳು.